ಮುನ್ನೂರ ಐದು

ನಮ್ಮ ಊರಿನಲ್ಲಿ ಕಾರು ಕೊಳ್ಳಲು ಹೋದರೆ ಶೋರೂಮಿನವರು ಮೊದಲು ಕೇಳುವುದು ಯಾವ ಬಣ್ಣ ಬೇಕು ಅಂತಲ್ಲ, ಮನೆಯಲ್ಲಿ ಎಷ್ಟು ಜನ ಅಂತ. ಮೂವರಿದ್ದರೆ ಮೂರು ಸಿಲಿಂಡರಿನ ಕಾರು, ನಾಲ್ವರಿದ್ದರೆ ನಾಲ್ಕರದು. ಸಿಲಿಂಡರ್ ಎಂದರೆ ಅಡುಗೆಮನೆಯದಲ್ಲ, ಇಂಜಿನ್ನಿನೊಳಗೆ ಪೆಟ್ರೋಲು ಉರಿಯುವ ಕೊಳವೆ. ದೊಡ್ಡ ಕುಟುಂಬದವರು ಆರು ಸಿಲಿಂಡರಿನ ಜೀಪು ಹುಡುಕಿಕೊಂಡು ಪರ ಊರಿಗೆ ಹೋಗುತ್ತಾರೆ, ಸಿಗದಿದ್ದರೆ ಎರಡು ಕಾರು ಇಟ್ಟುಕೊಂಡು ಯಾರು ಯಾವುದಕ್ಕೆ ಎಂದು ಜಗಳವಾಡುತ್ತಾರೆ. ಒಂಟಿ ಜೀವಗಳಿಗೆ ಸ್ಕೂಟರು ಸಾಕು. ಕಾರು ಮನೆಗೆ ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಅದಾದ ಮೇಲೆ ಇಂಜಿನ್ ಚಾಲೂ ಮಾಡಿ, ಬಾನೆಟ್ಟು ಬೆಚ್ಚಗಾಗುವ ತನಕ ಕಾದು, ಮನೆಯವರು ದೊಡ್ಡವರಿಂದ ಚಿಕ್ಕವರವರೆಗೆ ಒಬ್ಬೊಬ್ಬರಾಗಿ ಅದರ ಮೇಲೆ ಅಂಗೈ ಊರುತ್ತಾರೆ. ಕೈ ಊರಿದ ಕ್ರಮದಲ್ಲಿ ಒಂದೊಂದು ಸಿಲಿಂಡರು ಒಬ್ಬೊಬ್ಬರದಾಗುತ್ತದೆ. ಅಲ್ಲಿಂದ ಮುಂದೆ ಇಂಜಿನ್ ಓಡುವಷ್ಟು ಹೊತ್ತೂ ಆ ಮನೆಯ ಎದೆಬಡಿತಗಳು ಅದರೊಳಗೆ ಬಡಿಯುತ್ತವೆ. ಕೀ ತಿರುಗಿಸಿ ಆಫ್ ಮಾಡಿದರೆ ಬಾನೆಟ್ಟು ಬರೀ ತಗಡು.

ನಮ್ಮ ಮನೆಯಲ್ಲಿ ಮೊದಲನೆಯದು ನನ್ನ ಯಜಮಾನರು ತಿಪ್ಪೇಶಪ್ಪನವರದು. ಬೇಕರಿ ಇಟ್ಟಿದ್ದಾರೆ. ಎರಡನೆಯದು ನನ್ನದು. ನಾನು ಪಂಕಜಾಕ್ಷಿ, ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಕೂಗಿ ನಿವೃತ್ತಳಾದವಳು. ಮೆಲ್ಲಗೆ ಮಾತನಾಡುವುದು ನನಗೆ ಇವತ್ತಿಗೂ ಬರುವುದಿಲ್ಲ. ಮೂರನೆಯದು ಮಗ ಯೋಗೀಶನದು. ಅವನೂ ಬೇಕರಿಯಲ್ಲೇ ಇದ್ದಾನೆ. ನಾಲ್ಕನೆಯದು ಸೊಸೆ ಕಸ್ತೂರಿಯದು. ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಹಾಗಾಗಿ ನನ್ನ ಗಂಟಲು ಕೇಳಿದರೆ ಅವಳಿಗೆ ಬೆಚ್ಚಿ ಬೀಳುವ ಅಭ್ಯಾಸ.

ಯಾರ ಎದೆಯಾದರೂ ತಾಳ ತಪ್ಪಿದರೆ ಕಾರಿನ ಮುಂದಿನ ಹಲಗೆಯಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಯಾರದ್ದು ಎಂದು ತಿಳಿಯಲು ಗ್ಯಾರೇಜಿಗೆ ಹೋಗಿ ಸ್ಟೀರಿಂಗ್ ಕೆಳಗಿನ ತೂತಿಗೆ ಸ್ಕ್ಯಾನರ್ ಚುಚ್ಚಿಸಬೇಕು. ಮುನ್ನೂರ ಒಂದು ಅಂತ ಬಂದರೆ ಮೊದಲನೆಯವರು, ಮುನ್ನೂರ ಎರಡು ಬಂದರೆ ಎರಡನೆಯವರು, ಹೀಗೆ. ನಮ್ಮ ಡಾಕ್ಟರುಗಳೂ ನಾಡಿ ಹಿಡಿಯುವ ಮೊದಲು ಕಾರಿನಲ್ಲಿ ಎಷ್ಟು ಬಂತು ಎಂದೇ ಕೇಳುತ್ತಾರೆ. ಎದುರುಮನೆಯವರ ಮಗಳು ಪ್ರೀತಿಸುತ್ತಿದ್ದದ್ದು ಬಯಲಾದದ್ದೂ ಹೀಗೇ. ಸಂತೆ ಬೀದಿಯಲ್ಲಿ ಆ ಹುಡುಗನ ಮನೆ ಮುಂದೆ ಅವರ ಕಾರು ಹಾದಾಗಲೆಲ್ಲ ಮುನ್ನೂರ ಮೂರು ಬರುತ್ತಿತ್ತು. ನಮ್ಮವರಿಗೆ ಒಮ್ಮೆ ಮುನ್ನೂರ ಒಂದು ಬಂದು, ಆಸ್ಪತ್ರೆಗೆ ಹೋದರೆ ಎದೆಯ ನರ ಕಟ್ಟಿತ್ತು. ಬದುಕಿಕೊಂಡರು. ಅವತ್ತಿನಿಂದ ತಮ್ಮದೇ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ನೋಡಿ ನಿಟ್ಟುಸಿರು ಬಿಡುವುದೇ ಅವರ ಕೆಲಸವಾಗಿದೆ.

ಕಸ್ತೂರಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಎರಡು ಸಲವೂ ಎಲ್ಲ ಸರಿಯಾಗಿದೆ ಎಂದು ನಾವು ನಂಬಿದ್ದ ಹೊತ್ತಿನಲ್ಲಿ, ಹೊಟ್ಟೆಯೊಳಗಿನ ಬಡಿತ ನಿಂತುಬಿಟ್ಟಿತ್ತು. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ನಾನು ಹಳೆ ಸೀರೆಯಲ್ಲಿ ಹೊಲಿದಿಟ್ಟಿದ್ದ ಕುಲಾವಿಗಳನ್ನೆಲ್ಲ ಮಡಚಿ ಅಟ್ಟದ ಮೇಲಿಟ್ಟು ಬಂದು, "ಇನ್ನು ಈ ಮಾತು ನಮ್ಮನೇಲಿ ಬೇಡ ಅತ್ತೆ. ಇನ್ನೊಂದ್ ಸಲ ನನ್ ಕೈಲಿ ಆಗಲ್ಲ," ಅಂದಳು. ಆಮೇಲೆ ನಮ್ಮ ಮನೆಯಲ್ಲಿ ಮಗು ಎಂಬ ಶಬ್ದವೇ ನಿಂತುಹೋಯಿತು. ಬೀದಿಯಲ್ಲಿ ಯಾರದಾದರೂ ಕೂಸು ಅತ್ತರೆ ನಮ್ಮವರು ರೇಡಿಯೋ ಜೋರು ಮಾಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹಳದಿ ದೀಪ ಹೊತ್ತಿತು. ಗ್ಯಾರೇಜಿನ ಗುರುಮಲ್ಲೇಶ ತನ್ನ ದೊಡ್ಡ ಸ್ಕ್ಯಾನರ್ ತಂದ. ಪೂಜೆಯ ತಟ್ಟೆಯಷ್ಟು ಅಗಲದ ಪರದೆ ಅದರದು. ಕಾರು ಯಾವುದು, ಯಾವ ವರ್ಷದ್ದು, ಎಷ್ಟು ಸಿಲಿಂಡರು ಎಂದು ಅದು ಒಂದೊಂದಾಗಿ ಕೇಳಿತು, ಅವನು ಒತ್ತಿದ. ನಾಲ್ಕಕ್ಕೂ ಹಸಿರು ಗೆರೆ ಬಂತು.

"ಏನೂ ಇಲ್ಲ ಪಂಕಜಮ್ಮ. ಬಲ್ಬಿಂದೇ ಏನೋ ತೊಂದ್ರೆ. ನಿಮ್ಮ ಗಾಡೀಲಿ ಹಿಂದೇನೂ ಎರಡ್ ಸಲ ಹಿಂಗೇ ಆಗಿತ್ತಲ್ಲ," ಅಂದ.

ದೀಪ ಆರಿಸಿ ಕೊಟ್ಟ. ಮನೆಗೆ ಬರುವಷ್ಟರಲ್ಲಿ ಮತ್ತೆ ಹೊತ್ತಿತು. ಮತ್ತೆ ಹೋದೆ, ಮತ್ತೆ ಬಲ್ಬು ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಅಪರೂಪಕ್ಕೊಮ್ಮೆ ಹೊತ್ತುವ ದೀಪಕ್ಕೆ ಪ್ರತಿ ಸಲ ಇವನ ಬಾಗಿಲು ಕಾಯುವುದಕ್ಕಿಂತ ಮನೆಗೇ ಒಂದು ಸಣ್ಣ ಸ್ಕ್ಯಾನರ್ ತಂದಿಟ್ಟುಕೊಳ್ಳುವುದು ವಾಸಿ ಎಂದು ಅಲ್ಲಿಂದ ನೇರ ಜಬ್ಬಾರ್ ಸಾಹೇಬರ ಬಿಡಿಭಾಗದ ಅಂಗಡಿಗೆ ಹೋದೆ.

ಸಾಹೇಬರು ಗಾಜಿನ ಮೇಜಿನ ಮೇಲೆ ಮೂರು ಸಾಮಾನು ಇಟ್ಟರು. ಒಂದು ಬೆಂಕಿಪೊಟ್ಟಣದಷ್ಟು ಚಿಕ್ಕದು. ಅದನ್ನು ಚುಚ್ಚಿದರೆ ಮೊಬೈಲಿನಲ್ಲಿ ತೋರಿಸುತ್ತದಂತೆ. ಇನ್ನೊಂದು ಗುರುಮಲ್ಲೇಶನದರ ತಮ್ಮನ ಹಾಗಿತ್ತು. ಮೂರನೆಯದಕ್ಕೆ ಒಂದು ದಪ್ಪ ವೈರು, ಎರಡು ಬೆರಳಗಲದ ಪರದೆ, ನಾಲ್ಕು ಗುಂಡಿ.

"ಈ ಚಿಕ್ಕದು ಎಲ್ಲಕ್ಕಿಂತ ಅಗ್ಗ ಅಮ್ಮ. ಆದ್ರೆ ಮೊಬೈಲಿಗೆ ಆ್ಯಪ್ ಹಾಕ್ಬೇಕು, ಒಂದೊಂದ್ ಸಲ ಜೋಡಣೆ ಆಗಲ್ಲ," ಅಂದರು.

"ನಮ್ಮವರಿಗೆ ಫೋನ್ ಬಂದ್ರೆ ಎತ್ತೋದೇ ಕಷ್ಟ. ಬೇಡ. ಆ ದೊಡ್ಡದು?"

"ಅದು ಬ್ರೇಕು, ಏರ್‌ಬ್ಯಾಗು, ಏಸಿ ಎಲ್ಲಾ ನೋಡುತ್ತೆ. ವರ್ಷ ವರ್ಷ ದುಡ್ಡು ಕಟ್ಟಿ ಹೊಸದು ತುಂಬಿಸ್ಕೊಬೇಕು. ದಿನಾ ಹತ್ತು ಗಾಡಿ ನೋಡೋರಿಗೆ ಸರಿ. ಯಾವಾಗಾದ್ರೂ ಒಂದ್ ಸಲ ನೋಡೋ ಮನೆಗ್ಯಾಕಮ್ಮ?"

"ಹಂಗಾದ್ರೆ ಈ ವೈರಿಂದು?"

ಸಾಹೇಬರು ಅದನ್ನು ಅಂಗೈಯಲ್ಲಿ ತೂಗಿದರು. "ಸೆಲ್ ಹಾಕೋ ಹಾಗಿಲ್ಲ, ಕಾರಿಂದಲೇ ಕರೆಂಟ್ ತಗೊಳುತ್ತೆ. ಎಷ್ಟ್ ತಿಂಗಳು ಮೂಲೇಲಿ ಬಿದ್ದಿದ್ರೂ ಚುಚ್ಚಿದ ತಕ್ಷಣ ಏಳುತ್ತೆ. ಕೋಡ್ ಓದುತ್ತೆ, ಅಳಿಸುತ್ತೆ. ಅಷ್ಟೇ. ಒಂದ್ ಮಾತು ಮೊದಲೇ ಹೇಳ್ತೀನಿ, ಇದಕ್ಕೆ ಬುದ್ಧಿ ಕಮ್ಮಿ. ನಿಮ್ಮ ಕಾರು ಯಾವುದು ಅಂತಾನೂ ಕೇಳಲ್ಲ. ಕಾರು ಏನ್ ಹೇಳುತ್ತೋ ಅದನ್ನ ಹಂಗೇ ತೋರಿಸುತ್ತೆ."

ನನಗೂ ಅಷ್ಟೇ ಬೇಕಿತ್ತು. ಸ್ವಲ್ಪ ಚೌಕಾಸಿ ಮಾಡಿ ತಂದೆ.

ಮನೆಯ ಮುಂದೆ ಕಾರಿನಲ್ಲಿ ಕೂತು ಚುಚ್ಚಿದೆ. ನಮ್ಮವರು ಪಕ್ಕದ ಸೀಟಿನಲ್ಲಿ ಕನ್ನಡಕ ಏರಿಸಿಕೊಂಡು ಕೂತರು. ಪರದೆ ಎದ್ದಿತು, ಒಂದು ಗೆರೆ ಓಡಿತು, ಅಂಕಿ ಬಂತು. ಮುನ್ನೂರ ಐದು.

"ಐದಾ?" ಎಂದು ಬಗ್ಗಿದರು. ಆಮೇಲೆ ನಗಲು ಶುರುಮಾಡಿದರು. "ನಾಲ್ಕು ಸಿಲಿಂಡರಿನ ಗಾಡೀಲಿ ಐದನೇದು ತಾಳ ತಪ್ತಿದ್ಯಂತೆ. ಚೆನ್ನಾಗಿ ಟೋಪಿ ಹಾಕಿದಾರೆ ಕಣೇ ನಿನಗೆ. ಇನ್ನೊಂದ್ ಸಲ ಒತ್ತು, ಆರನೇದೂ ಬರಬಹುದು."

"ನಿಮ್ಮ ಬೇಕರೀಲಿ ನಿನ್ನೆ ಬನ್ನನ್ನ ಇವತ್ತಿಂದು ಅಂತ ಮಾರೋಕಿಂತ ವಾಸಿ," ಎಂದೆ. ಆದರೂ ಮುಖ ಕೆಂಪಾಗಿತ್ತು.

ಅಷ್ಟರಲ್ಲಿ ಕಸ್ತೂರಿ ಕಾಫಿ ತಂದಳು. ಕಿಟಕಿಯಿಂದ ಲೋಟ ಕೊಡುವಾಗ ಅವಳ ಕಣ್ಣು ಪರದೆಯ ಮೇಲೆ ಬಿತ್ತು. ಲೋಟ ಅಲುಗಿ ಕಾಫಿ ನನ್ನ ಸೆರಗಿಗೆ ಚೆಲ್ಲಿತು. ಒರೆಸಲು ಬಟ್ಟೆ ತರುತ್ತೇನೆ ಎಂದು ಒಳಗೆ ಹೋದವಳು ಬರಲೇ ಇಲ್ಲ. ನಾನು ಅದನ್ನೂ ತಲೆಗೆ ಹಚ್ಚಿಕೊಳ್ಳದೆ, ಬುದ್ಧಿಗೇಡಿ ಯಂತ್ರವನ್ನು ಬೈದುಕೊಂಡು, ಅಳಿಸುವ ಗುಂಡಿ ಒತ್ತಿದೆ. ದೀಪ ಆರಿತು.

ಮಾರನೆಯ ಬೆಳಿಗ್ಗೆ ನಮ್ಮವರು ಬೇಕರಿಗೆ ಮೈದಾ ಚೀಲ ತರಲು ಕಾರು ತೆಗೆದರೆ ಮತ್ತೆ ದೀಪ. ಚುಚ್ಚಿದೆ, ಮುನ್ನೂರ ಐದು. ಅಳಿಸಿದೆ. ಅದರ ಮಾರನೆಯ ದಿನವೂ ಅದೇ. ಸ್ಕ್ಯಾನರನ್ನು ಸೆರಗಿನಲ್ಲಿ ಸುತ್ತಿಕೊಂಡು ಜಬ್ಬಾರ್ ಸಾಹೇಬರ ಅಂಗಡಿಗೆ ಹೋಗಿ ಮೇಜಿನ ಮೇಲಿಟ್ಟು, ಬಸ್ ನಿಲ್ದಾಣದ ಗಂಟಲಿನಲ್ಲೇ ಜಾಡಿಸಿದೆ. ಅವರು ಎದ್ದು ಹೋಗಿ ತಮ್ಮದೇ ಕಾರಿಗೆ ಚುಚ್ಚಿದರು. ಮುನ್ನೂರ ಎರಡು.

"ನಮ್ಮ ಬೇಗಂ. ನಿನ್ನೆ ಹಲ್ಲು ಕೀಳಿಸ್ಕೊಂಡ್ಲು, ಇನ್ನೂ ಹೆದರಿಕೊಂಡಿದಾಳೆ. ಸರಿಯಾಗೇ ಹೇಳ್ತಿದೆ," ಅಂದರು. ವೈರು ಕಿತ್ತು ನನ್ನ ಕೈಗಿಟ್ಟರು. "ಸುಳ್ಳು ಹೇಳೋಕೂ ಬುದ್ಧಿ ಬೇಕಲ್ಲಮ್ಮ. ಇದಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಬೇಡಾಂದ್ರೆ ವಾಪಸ್ ಕೊಡಿ, ನಂಗೇನಿಲ್ಲ."

ವಾಪಸು ಕೊಡಲು ಯಾಕೋ ಮನಸ್ಸು ಬರಲಿಲ್ಲ. ಮನೆಗೆ ತಂದು ಕಾರಿನ ಮುಂದಿನ ಹಲಗೆಯ ಡಬ್ಬಿಯಲ್ಲಿ ಎಸೆದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಾಲು ತರಲು ಬಾಗಿಲು ತೆಗೆದೆ. ಕಾರಿನಲ್ಲಿ ಯಾರೋ ಕೂತಂತೆ ಕಂಡಿತು. ಹತ್ತಿರ ಹೋದರೆ ಕಸ್ತೂರಿ. ಇಂಜಿನ್ ಸಣ್ಣಗೆ ಓಡುತ್ತಿತ್ತು. ತೊಡೆಯ ಮೇಲೆ ಆ ಸ್ಕ್ಯಾನರ್, ಅವಳ ಎರಡು ಕೈಯೂ ಅದರ ಮೇಲೆ. ನಾನು ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ತಿರುಗಲಿಲ್ಲ.

"ದಿನಾ ನೀವೇ ಅಳಿಸ್ತಿದ್ರಾ ಅತ್ತೆ?"

"ಹೂಂ ಕಣಮ್ಮ. ಏನೇನೋ ತೋರಿಸುತ್ತೆ, ದರಿದ್ರದ್ದು."

"ಅಳಿಸಿದ ಮೇಲೂ ಮತ್ತೆ ಬರ್ತಿತ್ತಲ್ಲ. ನಾನು ದಿನಾ ಕಿಟಕಿಯಿಂದ ನೋಡ್ತಿದ್ದೆ. ದೀಪ ಮತ್ತೆ ಹೊತ್ತಿದ್ರೆ, ಇನ್ನೂ ಇದೆ ಅಂತ ಉಸಿರು ಬಿಡ್ತಿದ್ದೆ."

"ಏನು ಇನ್ನೂ ಇದೆ?" ಎಂದು ತಿರುಗಿ ನೋಡಿದೆ. ಅವಳು ಒಂದು ಕೈಯನ್ನು ಸ್ಕ್ಯಾನರಿನಿಂದ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

ನಮ್ಮ ಊರಿನಲ್ಲಿ ಕೂಸಿಗೆ ಸಿಲಿಂಡರು ಸಿಗುವುದು ನಾಮಕರಣದ ದಿನ, ಅದರ ಪುಟ್ಟ ಅಂಗೈಯನ್ನು ಬಾನೆಟ್ಟಿಗೆ ತಾಗಿಸಿದ ಮೇಲೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದಕ್ಕೆ ಮೊದಲು ಕೂಸಿನ ಬಡಿತ ಕಾರಿನಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗ್ಯಾರೇಜಿನ ಬುದ್ಧಿವಂತ ಸ್ಕ್ಯಾನರುಗಳು ಎಷ್ಟು ಸಿಲಿಂಡರು ಎಂದು ವಿಚಾರಿಸಿಕೊಂಡು, ನಾಲ್ಕು ಅಂದರೆ ನಾಲ್ಕನ್ನು ಮಾತ್ರ ಕೇಳಿ ಎದ್ದುಬಿಡುತ್ತಿದ್ದವು. ಹೆಬ್ಬೆರಳಷ್ಟೂ ಇರದ ಒಂದು ಜೀವ, ಇಲ್ಲದ ಕೊಳವೆಯಲ್ಲಿ ತಾನೇ ಜಾಗ ಮಾಡಿಕೊಂಡು ಬಡಿಯುತ್ತಿತ್ತು. ಬಡಿತ ತಪ್ಪಿದಾಗ ನಮ್ಮನ್ನು ಕರೆಯುತ್ತಿತ್ತು. ನಾನು ಕೈ ಮುಗಿದೆ. ಯಾರಿಗೆ ಎಂದು ಗೊತ್ತಿಲ್ಲ, ಸ್ಟೀರಿಂಗಿಗೋ, ಆ ನಾಲ್ಕು ಗುಂಡಿಯ ಡಬ್ಬಿಗೋ. ಆಮೇಲೆ ಗುರುಮಲ್ಲೇಶನ ಮಾತು ನೆನಪಾಯಿತು. ಹಿಂದೆ ಎರಡು ಸಲ ಹೊತ್ತಿದ ದೀಪ. ಬಲ್ಬು ಅಂದಿದ್ದ. ನಾವೂ ಬಲ್ಬೇ ಅಂದುಕೊಂಡಿದ್ದೆವು.

ಕಸ್ತೂರಿಗೂ ಅದೇ ಹೊಳೆದಿತ್ತು. "ಅವೂ ಹೇಳಿದ್ವು ಅತ್ತೆ. ನಮಗೆ ಕೇಳಿಸಲಿಲ್ಲ," ಅಂದಳು. ನಾನು ಅವಳನ್ನು ಎಳೆದು ಎದೆಗೆ ಒರಗಿಸಿಕೊಂಡೆ. ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ, "ಯೋಗೀಶಂಗೆ ಹೇಳಿದೀಯಾ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ಎಲ್ರೂ ಆಸೆ ಇಟ್ಕೊತೀರಿ. ಹೋದ್ರೆ ನಾನೊಬ್ಬಳೇ ಅಳೋಣ ಅಂತ ಇದ್ದೆ."

"ತಪ್ತಿರೋದು ಈಗ ಗೊತ್ತಾಗಿದೆ. ಹೋಗೋಕೆ ಬಿಡಲ್ಲ. ಏಳು," ಎಂದೆ.

ಡಾಕ್ಟರು ವಿಶಾಲಾಕ್ಷಿಯವರು ಎಲ್ಲರನ್ನೂ ಕೇಳುವ ಹಾಗೆ ಚೀಟಿಯ ಮೇಲೆ ಪೆನ್ನು ಇಟ್ಟುಕೊಂಡೇ, "ಕಾರಲ್ಲಿ ಎಷ್ಟು ಬಂತು?" ಎಂದರು.

"ಮುನ್ನೂರ ಐದು," ಅಂದಳು ಕಸ್ತೂರಿ.

"ನಿಮ್ಮದು ಜೀಪಾ?"

"ಅಲ್ಲ ಮೇಡಂ. ನಾಲ್ಕರ ಕಾರು."

ಡಾಕ್ಟರು ಪೆನ್ನು ಕೆಳಗಿಟ್ಟರು. ಏನೂ ಕೇಳದೆ ಅವಳನ್ನು ಮಂಚದ ಮೇಲೆ ಮಲಗಿಸಿ ಮೆಷಿನ್ನು ಹಚ್ಚಿದರು. ಬಹಳ ಹೊತ್ತು ನೋಡಿದರು, ಮತ್ತೆ ಮತ್ತೆ ನೋಡಿದರು. "ಬಡಿತ ಇದೆ. ಆದರೆ ಅಲ್ಲಲ್ಲಿ ಒಂದೊಂದು ತಪ್ಪಿ ಹೋಗ್ತಿದೆ. ಔಷಧಿ ಇದೆ, ತಾಯಿಗೆ ಕೊಟ್ರೆ ಮಗುಗೆ ಮುಟ್ಟುತ್ತೆ. ಕೆಲಸ ಮಾಡಬಹುದು, ಮಾಡದೇನೂ ಇರಬಹುದು. ಹೋದ ಎರಡು ಸಲ ನೀವು ಬರೋ ಹೊತ್ತಿಗೆ ನನಗೆ ಮಾಡೋಕೆ ಏನೂ ಉಳಿದಿರಲಿಲ್ಲ," ಎಂದರು. ನಾವು ಹೊರಡುವಾಗ ಬಾಗಿಲ ತನಕ ಬಂದು, ಆ ಸ್ಕ್ಯಾನರ್ ಎಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದರು.

ಮನೆಯಲ್ಲಿ ಯೋಗೀಶ ಸುದ್ದಿ ಕೇಳಿ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಿಂತ. ನಮ್ಮವರು ಕಾರಿನ ಹತ್ತಿರ ಹೋಗಿ ಸ್ಕ್ಯಾನರನ್ನು ಕೈಗೆತ್ತಿಕೊಂಡು ಪಂಚೆಯ ತುದಿಯಿಂದ ಅದರ ಪರದೆ ಒರೆಸಿದರು. ಅದಕ್ಕೆ ಟೋಪಿ ಅಂದಿದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು. ಇನ್ನು ಮೇಲೆ ಯಾರೂ ಅಳಿಸುವ ಗುಂಡಿ ಮುಟ್ಟಬಾರದು ಎಂದು ನಾನು ಆಜ್ಞೆ ಹೊರಡಿಸಿದೆ. ಕಸ್ತೂರಿ ಬೇಡ ಅಂದಳು. ಅಳಿಸಿದರೆ ತಾನೇ ಮತ್ತೆ ಬರುವುದು, ಮತ್ತೆ ಬಂದರೆ ತಾನೇ ಇದೆ ಎಂದು ತಿಳಿಯುವುದು. ಸರಿಯೇ ಅಲ್ಲವೇ? ಹಾಗಾಗಿ ದಿನಾ ಬೆಳಿಗ್ಗೆ ಅವಳು ಮಾತ್ರೆ ನುಂಗಿ, ಕಾರಿನಲ್ಲಿ ಕೂತು, ಹಿಂದಿನ ದಿನದ್ದನ್ನು ತಾನೇ ಅಳಿಸಿ, ಇಂಜಿನ್ ಓಡಿಸಿ ಕಾಯುತ್ತಿದ್ದಳು. ನಾವು ಮೂವರೂ ಏನೋ ಕೆಲಸವಿರುವವರಂತೆ ಅಂಗಳದಲ್ಲೇ ಸುಳಿಯುತ್ತಿದ್ದೆವು. ದೀಪ ಹೊತ್ತಿಕೊಳ್ಳುತ್ತಿತ್ತು. ಮುನ್ನೂರ ಐದು. ಯೋಗೀಶ ಬೇಕರಿಗೆ ಹೋಗುತ್ತಿದ್ದ, ನಾನು ಒಲೆ ಹಚ್ಚುತ್ತಿದ್ದೆ. ಕಾಯಿಲೆಯ ಅಂಕಿಯನ್ನು ನೋಡಿ ಒಂದು ಮನೆಯವರೆಲ್ಲ ಇಷ್ಟು ಖುಷಿಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ದೀಪ ಹೊತ್ತಲಿಲ್ಲ.

ಕಸ್ತೂರಿ ಕಾದಳು. ಇಂಜಿನ್ ಬಿಸಿಯಾಗಿ ಅದರ ಫ್ಯಾನು ತಿರುಗಲು ಶುರುವಾಯಿತು. ದೀಪ ಇಲ್ಲ. ಗುಂಡಿ ಒತ್ತಿದಳು. ದೋಷ ಯಾವುದೂ ಇಲ್ಲ ಎಂದು ತೋರಿಸಿತು. ವೈರು ಕಿತ್ತು ಮತ್ತೆ ಚುಚ್ಚಿದಳು, ಮತ್ತೆ ಅದೇ. ಅವಳು ಬಾಗಿಲು ತೆಗೆದು ನಮ್ಮ ಕಡೆ ನೋಡಿದಳು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಬರಲಿಲ್ಲ," ಅಂದಳು.

ಯೋಗೀಶ ಹತ್ತಿರ ಓಡಿದ. "ಔಷಧಿ ಹಿಡೀತು ಅಂತ ತಾನೇ? ಸರಿಹೋಗಿದೆ ಕಣೆ."

"ನಿಂತುಹೋದ್ರೂ ತಪ್ಪೋದು ನಿಲ್ಲುತ್ತಲ್ಲ," ಅಂದಳು.

ಆ ಬುದ್ಧಿ ಕಮ್ಮಿಯ ಡಬ್ಬಿ ತಪ್ಪಿದ್ದನ್ನು ಮಾತ್ರ ಹೇಳಬಲ್ಲದು. ತಪ್ಪದಿರುವುದು ನೆಟ್ಟಗಿರುವುದರಿಂದಲೋ, ಏನೂ ಇಲ್ಲದಿರುವುದರಿಂದಲೋ ಅದಕ್ಕೆ ತಿಳಿಯದು. ಡಾಕ್ಟರು ಬರುವುದು ಹೊತ್ತೇರಿದ ಮೇಲೆ. ಹೊಟ್ಟೆಯಲ್ಲಿ ಮಿಸುಕಾಟ ಗೊತ್ತಾಗುವಷ್ಟು ತಿಂಗಳೂ ತುಂಬಿರಲಿಲ್ಲ. ಯೋಗೀಶ ಬಾನೆಟ್ಟಿಗೆ ಕಿವಿ ಕೊಟ್ಟು ಕೇಳಿದ. ಇಂಜಿನ್ ಎಲ್ಲೂ ಮುಗ್ಗರಿಸದೆ ಓಡುತ್ತಿತ್ತು, ಆದರೆ ನಾಲ್ಕೋ ಐದೋ ಎಂದು ಆ ಗದ್ದಲದಲ್ಲಿ ಹೇಗೆ ಬಿಡಿಸುವುದು? ನಾನೂ ಕೇಳಿದೆ. ನೂರು ಬಸ್ಸಿನ ಸದ್ದಿನ ನಡುವೆ ಒಂದು ಬಸ್ಸಿನ ಹಾರ್ನು ಗುರುತಿಸುತ್ತಿದ್ದ ಕಿವಿ ನನ್ನದು. ಅದಕ್ಕೂ ನಮ್ಮ ನಾಲ್ವರ ಗಡಗಡ ಬಿಟ್ಟು ಬೇರೇನೂ ದಕ್ಕಲಿಲ್ಲ. ನಾವೇ ಅಡ್ಡ ನಿಂತಿದ್ದೇವೆ ಅನ್ನಿಸಿತು.

ಕಸ್ತೂರಿ ಕಾರಿನಿಂದ ಇಳಿದು ಮುಂದೆ ಬಂದು ನಿಂತಳು. ಕಾರು ಮನೆಗೆ ಬಂದ ದಿನ ನಿಂತಿದ್ದ ಜಾಗದಲ್ಲೇ. ಬಾನೆಟ್ಟಿನ ಮೇಲೆ ಅಂಗೈ ಊರಿದಳು.

"ಆಫ್ ಮಾಡಿ," ಅಂದಳು ಗಂಡನಿಗೆ.

"ಆಫ್ ಮಾಡಿದ್ರೆ ಏನಿರುತ್ತೆ ಕಣೆ? ಬರೀ ತಗಡು."

"ಮಾಡಿ ಅಂದೆ."

ಅವಳು ಗಂಟಲೆತ್ತಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಯೋಗೀಶ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿ ಕಿತ್ತುಕೊಂಡ. ಇಂಜಿನ್ ಒಮ್ಮೆ ಮೈ ಕೊಡವಿ ನಿಂತಿತು. ಮೊದಲನೆಯದು, ಎರಡನೆಯದು, ಮೂರು, ನಾಲ್ಕು, ನಾವು ನಾಲ್ವರೂ ಅದರೊಳಗೆ ಸುಮ್ಮನಾದೆವು. ಫ್ಯಾನೂ ನಿಂತಿತು. ಬೀದಿಯಲ್ಲಿ ಹಾಲಿನವನ ಸೈಕಲ್ಲು ದಾಟಿಹೋದ ಸದ್ದು ಕೇಳಿತು.

ಕಸ್ತೂರಿ ಕದಲಲಿಲ್ಲ. ಕಣ್ಣು ಮುಚ್ಚಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯತೊಡಗಿದಾಗ ಮುಗಿಯಿತು ಅಂದುಕೊಂಡೆ. ಅವಳು ಕಣ್ಣು ತೆರೆಯದೆಯೇ ಇನ್ನೊಂದು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು, ನನ್ನ ಅಂಗೈಯನ್ನು ಎಳೆದು ಬಾನೆಟ್ಟಿಗೆ ಒತ್ತಿದಳು.

ಬೆಚ್ಚಗಿನ ತಗಡಿನ ಕೆಳಗೆ, ನಿಂತ ಇಂಜಿನ್ನಿನೊಳಗೆ ಎಲ್ಲೋ ಆಳದಲ್ಲಿ, ಅವಸರವಾಗಿ, ಒಂದನ್ನೂ ತಪ್ಪಿಸದೆ, ಬಡಿಯುತ್ತಿತ್ತು. ಗುಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದರೆ ಹೇಗಿರುತ್ತದೋ ಹಾಗೆ. ಯಾವ ಕೊಳವೆಯಲ್ಲೂ ಹುಟ್ಟದ್ದನ್ನು ಕೀ ಏನು ಮಾಡೀತು? ಜೀವಮಾನವೆಲ್ಲ ಮೈಕಿನಲ್ಲಿ ಕೂಗಿದವಳು ನಾನು. ನಮ್ಮವರನ್ನು ಕೈಸನ್ನೆ ಮಾಡಿ ಕರೆದೆ. ಅವರು ಬಂದು ಅಂಗೈ ಊರಿದರು. ಊರಿದವರು ಬೆಚ್ಚಿ ಕೈ ತೆಗೆದು, ಮತ್ತೆ ಊರಿದರು.

"ಲೋ ಯೋಗೀಶ, ಕೀ ಆಫ್ ಮಾಡಿದೀಯೇನೋ ಸರಿಯಾಗಿ?" ಅಂದರು.

ಯೋಗೀಶ ಕಾರನ್ನು ಸುತ್ತಿಕೊಂಡು ನಮ್ಮ ಹತ್ತಿರ ಬಂದ. "ಕೀ ನನ್ ಕೈಲೇ ಇದೆ ಅಪ್ಪ," ಎಂದು ಎತ್ತಿ ತೋರಿಸಿ, ಇನ್ನೊಂದು ಕೈಯನ್ನು ಹೆಂಡತಿಯ ಕೈಯ ಪಕ್ಕದಲ್ಲಿ ಊರಿದ.